ಟ್ರೋಫಿ ಬೇಡ, ಸಂಜೆಗೊಂದು ಜೀಪು ಕೊಡಿ

ಏಪ್ರಿಲ್ ಬಂತೆಂದರೆ ಕೊಡಗಿನಲ್ಲಿ ಹಾಕಿಯದೇ ಮಾತು. 1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪ ಅವರು 60 ಕುಟುಂಬಗಳ ತಂಡಗಳೊಂದಿಗೆ ಶುರು ಮಾಡಿದ ಕೊಡವ ಕೌಟುಂಬಿಕ ಹಾಕಿ ಉತ್ಸವ, 2024ರಲ್ಲಿ ನಾಪೋಕ್ಲುವಿನಲ್ಲಿ ನಡೆದಾಗ 360 ತಂಡಗಳಿಗೆ ಬೆಳೆದು ಗಿನ್ನೆಸ್ ದಾಖಲೆ ಸೇರಿತು. ಪ್ರತಿವರ್ಷ ಒಂದೊಂದು ಒಕ್ಕ ಮುಂದೆ ನಿಂತು ಹೊಣೆ ಹೊರುತ್ತದೆ. ತಾತ, ಮೊಮ್ಮಗ, ಸೊಸೆ ಒಂದೇ ತಂಡದಲ್ಲಿ ಆಡುವುದುಂಟು. ಗೌಡ ಕುಟುಂಬಗಳ ಕ್ರಿಕೆಟ್ ಕೂಡ ಇದೇ ದಾರಿಯಲ್ಲಿ ನಡೆದಿದೆ. ದಸರಾ ಬಂದರೆ ಮಡಿಕೇರಿಯಲ್ಲಿ ಹತ್ತು ದೇವಾಲಯಗಳ ದಶಮಂಟಪ. ಸಮಿತಿಯ ಹುಡುಗರು ವಾರಗಟ್ಟಲೆ ನಿದ್ದೆಗೆಟ್ಟು ಚಲಿಸುವ ಮೂರ್ತಿ, ಬೆಳಕು, ಧ್ವನಿ, ಹೊಗೆ ಎಲ್ಲವನ್ನೂ ಹೊಂದಿಸುತ್ತಾರೆ.

ಅಂದರೆ ಒಂದು ಕೆಲಸಕ್ಕೆ ಊರೆಲ್ಲ ಸೇರುವುದು ಹೇಗೆಂದು ನಮಗೆ ಯಾರೂ ಕಲಿಸಬೇಕಿಲ್ಲ. ಇಷ್ಟು ಗೊತ್ತಿರುವ ಜಿಲ್ಲೆಯಲ್ಲಿ ಶಾಲೆಯ ಮಕ್ಕಳ ಹಾಡು, ಕುಣಿತ, ನಾಟಕ ಮಾತ್ರ ಏಕೆ ಒಬ್ಬ ಟೀಚರ್ ಹೆಗಲ ಮೇಲೆ ಬಿದ್ದಿದೆ ಎಂಬುದು ನನ್ನ ಪ್ರಶ್ನೆ.

ಪ್ರತಿಭಾ ಕಾರಂಜಿ ಹತ್ತಿರ ಬಂದಾಗ ಯಾವುದಾದರೂ ಹಳ್ಳಿಯ ಸರ್ಕಾರಿ ಶಾಲೆಗೆ ಹೋಗಿ ನೋಡಿ. ಜಗುಲಿಯಲ್ಲಿ ಮೊಬೈಲ್ ಇಟ್ಟು, ಅದರ ಸಣ್ಣ ಸ್ಪೀಕರಿಗೆ ಕಿವಿಗೊಟ್ಟು ಎಂಟು ಮಕ್ಕಳು ಜಾನಪದ ನೃತ್ಯ ಅಭ್ಯಾಸ ಮಾಡುತ್ತಿರುತ್ತಾರೆ. ಕಲಿಸುವವರು ಗಣಿತದ ಟೀಚರ್. ಅವರಿಗೆ ಬಿಸಿಯೂಟದ ಲೆಕ್ಕವೂ ಇದೆ, ಆನ್‌ಲೈನ್ ಮಾಹಿತಿ ತುಂಬುವುದೂ ಇದೆ. ಕ್ಲಸ್ಟರ್ ಮಟ್ಟದಲ್ಲಿ ಸೋತರೆ ಆ ವರ್ಷದ ಕಲೆ ಅಲ್ಲಿಗೇ ಮುಗಿಯಿತು. ಮತ್ತೆ ನೆನಪಾಗುವುದು ವಾರ್ಷಿಕೋತ್ಸವಕ್ಕೆ.

ವಾರ್ಷಿಕೋತ್ಸವಕ್ಕೆ ಊರಿನವರು ಸಹಾಯ ಮಾಡುವುದಿಲ್ಲ ಎಂದರೆ ಸುಳ್ಳಾಗುತ್ತದೆ. ಶಾಮಿಯಾನ, ಮೈಕ್, ಊಟ, ದಾನಿಗಳ ಹೆಸರು ಕೆತ್ತಿಸಿದ ಟ್ರೋಫಿ ಎಲ್ಲ ಬರುತ್ತವೆ. ಸಂಜೆ ನಾಲ್ಕಕ್ಕೇ ಬಣ್ಣ ಹಚ್ಚಿಕೊಂಡ ಮಕ್ಕಳು ಅತಿಥಿಗಳ ಭಾಷಣ, ಸನ್ಮಾನ, ವಂದನಾರ್ಪಣೆ ಎಲ್ಲ ಮುಗಿಯುವವರೆಗೆ ಪರದೆಯ ಹಿಂದೆ ತೂಕಡಿಸುತ್ತಾರೆ. ಅವರ ಸರದಿ ಬರುವಾಗ ಅರ್ಧ ಕುರ್ಚಿ ಖಾಲಿ. ನಮ್ಮ ಬೆಂಬಲವೆಲ್ಲ ಆ ಒಂದು ರಾತ್ರಿಗೆ ಸುರಿದುಹೋಗುತ್ತದೆ. ಮಕ್ಕಳಿಗೆ ಬೇಕಾಗಿರುವುದು ಅದರ ಹಿಂದಿನ ಮೂವತ್ತು ಸಂಜೆಗಳಿಗೆ.

ಆ ಸಂಜೆಗಳಲ್ಲಿ ಏನಾಗುತ್ತದೆ ಎಂಬುದನ್ನು ನಾನು ಹತ್ತಿರದಿಂದ ನೋಡಿದ್ದೇನೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ, ಮೊಣ್ಣಂಗೇರಿ ಕಡೆಯ ಬೆಟ್ಟಗಳು ಕುಸಿದಾಗ ನಾನು ಒಂಬತ್ತನೇ ತರಗತಿ. ಶಾಲೆ ಮತ್ತೆ ಬಾಗಿಲು ತೆರೆದಾಗ ನಮ್ಮ ತರಗತಿಗೆ ಪರಿಹಾರ ಕೇಂದ್ರದಿಂದ ಬರುವ ಮಕ್ಕಳಿದ್ದರು. ಅವರಲ್ಲಿ ಒಬ್ಬಳು ಮಳೆ ಜೋರಾದರೆ ಸಾಕು, ಬರೆಯುವುದನ್ನು ನಿಲ್ಲಿಸಿ ಕಿಟಕಿಯನ್ನೇ ನೋಡುತ್ತಿದ್ದಳು. ಮಾತು ಬಹಳ ಕಡಿಮೆ. ‘ಏನಾಯ್ತು’ ಎಂದು ಕೇಳುವ ಧೈರ್ಯ ನಮಗಿರಲಿಲ್ಲ, ಹೇಳುವ ಮನಸ್ಸು ಅವಳಿಗಿರಲಿಲ್ಲ.

ಕನ್ನಡ ಮೇಷ್ಟ್ರು ಒಂದು ನಾಟಕ ಮಾಡಿಸೋಣ ಎಂದರು. ಪಾತ್ರ ಹಂಚುವಾಗ ಅವಳು ಕೇಳಿ ಪಡೆದದ್ದು ಮಾತಿಲ್ಲದ ಕೆಲಸ. ಪರದೆಯ ಹಿಂದೆ ನಿಂತು ತಗಡಿನ ಹಾಳೆ ಅಲ್ಲಾಡಿಸಿ ಗುಡುಗಿನ ಸದ್ದು ಮಾಡುವುದು. ಮೊದಲ ದಿನ ತಾನೇ ಮಾಡಿದ ಗುಡುಗಿಗೆ ತಾನೇ ಬೆಚ್ಚಿದಳು. ಎರಡು ವಾರ ಕಳೆಯುವಷ್ಟರಲ್ಲಿ ಗುಡುಗು ಎಲ್ಲಿ ಜೋರಾಗಬೇಕು, ಎಲ್ಲಿ ದೂರದಲ್ಲಿ ಕೇಳಿದಂತಿರಬೇಕು ಎಂದು ನಮಗೇ ಹೇಳಿಕೊಡುತ್ತಿದ್ದಳು. ನಾಟಕದಿಂದ ಅವಳ ಮನೆ ವಾಪಸ್ ಬರಲಿಲ್ಲ. ಆದರೆ ಅವಳು ತರಗತಿಗೆ ವಾಪಸ್ ಬಂದಳು.

ಆ ನಾಟಕ ಮಧ್ಯದಲ್ಲೇ ನಿಂತುಹೋಗಬೇಕಿತ್ತು. ಶಾಲೆ ಬಿಟ್ಟ ಮೇಲೆ ಒಂದು ಗಂಟೆ ಅಭ್ಯಾಸಕ್ಕೆ ಉಳಿದರೆ ಬಸ್ ತಪ್ಪುತ್ತದೆ. ಕತ್ತಲಾದರೆ ತೋಟದ ದಾರಿಯಲ್ಲಿ ಆನೆ. ಯಾವ ಅಪ್ಪ ಅಮ್ಮ ಒಪ್ಪುತ್ತಾರೆ? ಆಗ ಶಾಲೆಯ ಪಕ್ಕದ ತೋಟದ ಮಾಲೀಕರೊಬ್ಬರು ತಮ್ಮ ಜೀಪನ್ನೂ ಡ್ರೈವರನ್ನೂ ಕಳಿಸಿದರು. ದೂರದ ಏಳು ಮಕ್ಕಳನ್ನು, ಟೀಚರ್ ಒಬ್ಬರನ್ನು ಜೊತೆಗೆ ಕೂರಿಸಿಕೊಂಡು, ಒಂದು ತಿಂಗಳು ಮನೆ ಬಾಗಿಲಿಗೆ ಬಿಟ್ಟರು. ಅವರ ಹೆಸರು ಯಾವ ಟ್ರೋಫಿಯ ಮೇಲೂ ಬರಲಿಲ್ಲ. ಆದರೂ ನನ್ನ ಲೆಕ್ಕದಲ್ಲಿ ಆ ವರ್ಷದ ದೊಡ್ಡ ಕಲಾಪೋಷಕರು ಅವರೇ.

ಇದನ್ನು ಬರೀ ಭಾವುಕ ಮಾತು ಎಂದುಕೊಳ್ಳಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ಕಚೇರಿ 2019ರಲ್ಲಿ ಮೂರು ಸಾವಿರಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟಿಗೆ ನೋಡಿ ಒಂದು ವರದಿ ಹೊರತಂದಿತು. ಹಾಡು, ನೃತ್ಯ, ನಾಟಕದಂಥ ಕಲೆಗಳು ಮನಸ್ಸಿನ ಆರೋಗ್ಯಕ್ಕೆ ನೆರವಾಗುತ್ತವೆ ಎಂಬುದು ಅದರ ಸಾರ. ಇನ್ನೊಂದು ಕಡೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಲೆಕ್ಕದ ಪ್ರಕಾರ 2022ರ ಒಂದೇ ವರ್ಷದಲ್ಲಿ ದೇಶದಲ್ಲಿ ಆತ್ಮಹತ್ಯೆಯಿಂದ ತೀರಿಕೊಂಡ ವಿದ್ಯಾರ್ಥಿಗಳು 13 ಸಾವಿರಕ್ಕೂ ಹೆಚ್ಚು. ಈ ಸಂಖ್ಯೆಗೆ ನಾಟಕವೇ ಔಷಧ ಎಂದು ನಾನು ಹೇಳುತ್ತಿಲ್ಲ. ತೀರಾ ಕುಗ್ಗಿದ ಮಗುವಿಗೆ ವೈದ್ಯರು, ಆಪ್ತ ಸಮಾಲೋಚಕರು ಬೇಕು. 14416ಕ್ಕೆ ಕರೆ ಮಾಡಿದರೆ ಟೆಲಿ ಮನಸ್ ಸಹಾಯವಾಣಿಯಲ್ಲಿ ಉಚಿತವಾಗಿ ಮಾತನಾಡಬಹುದು. ಇದನ್ನು ಓದುತ್ತಿರುವ ನಿಮಗೂ ಅದು ತೆರೆದೇ ಇದೆ.

ಆದರೆ ಮಗು ಕುಗ್ಗಿದೆ ಎಂದು ಮೊದಲು ಗೊತ್ತಾಗಬೇಕಲ್ಲ? ನಲವತ್ತು ಮಕ್ಕಳ ತರಗತಿಯಲ್ಲಿ ಒಬ್ಬ ಬರದಿದ್ದರೆ ಹಾಜರಿ ಪುಸ್ತಕದಲ್ಲಿ ಒಂದು ಗುರುತು, ಅಷ್ಟೆ. ಹನ್ನೆರಡು ಮಕ್ಕಳ ನಾಟಕದಲ್ಲಿ ಒಬ್ಬ ಬರದಿದ್ದರೆ ದೃಶ್ಯವೇ ನಿಲ್ಲುತ್ತದೆ. ‘ಅವನು ಎಲ್ಲಿ?’ ಎಂದು ಹನ್ನೊಂದು ಬಾಯಿ ಕೇಳುತ್ತವೆ. ತಾನಿಲ್ಲದಿದ್ದರೆ ನಡೆಯುವುದಿಲ್ಲ ಎಂಬ ಭಾವ ಅಂಕಪಟ್ಟಿ ಕೊಡಲಾರದು. ತೋಟದ ಲೈನ್ ಮನೆಯಿಂದ ಬರುವ, ತರಗತಿಯ ಕನ್ನಡ ಇನ್ನೂ ಸರಿಯಾಗಿ ಬಾರದ ಮಗುವಿಗೆ ಅದು ಇನ್ನೂ ದೊಡ್ಡದು. ತಾಳ ಹಾಕಲು ವ್ಯಾಕರಣ ಬೇಕಿಲ್ಲ.

ನಮ್ಮ ಗಡಿಯಾಚೆಗೆ ಒಮ್ಮೆ ನೋಡಿ. ಕೇರಳದ ಶಾಲಾ ಕಲೋತ್ಸವ 1957ರಲ್ಲಿ ಎರ್ನಾಕುಲಂನಲ್ಲಿ ಶುರುವಾಯಿತು. ಇವತ್ತು ಆ ದಿನಗಳಲ್ಲಿ ಪತ್ರಿಕೆ, ಟಿವಿ, ಹೋಟೆಲ್, ಆಟೊ ಸ್ಟ್ಯಾಂಡ್ ಎಲ್ಲೆಡೆ ಮಕ್ಕಳ ಕಲೆಯದೇ ಸುದ್ದಿ. ಕಾಸರಗೋಡಿನ ನಮ್ಮ ಕನ್ನಡದ ಮಕ್ಕಳಿಗೆ ಅಲ್ಲಿ ಯಕ್ಷಗಾನಕ್ಕೂ ಜಾಗವಿದೆ. 2025ರ ಜನವರಿಯಲ್ಲಿ ತಿರುವನಂತಪುರದಲ್ಲಿ ನಡೆದ ಕಲೋತ್ಸವದಲ್ಲಿ ಐದು ಬುಡಕಟ್ಟು ಕಲೆಗಳು ಸ್ಪರ್ಧೆಗೆ ಸೇರಿದವು. ಅದರಲ್ಲಿ ಪಣಿಯ ನೃತ್ಯವೂ ಒಂದು. ವಯನಾಡಿನ ಪಣಿಯರು ನಮ್ಮ ದಕ್ಷಿಣ ಕೊಡಗಿನ ಪಣಿ ಎರವರಿಗೆ ತೀರಾ ಹತ್ತಿರದವರು. ಅಲ್ಲಿ ವೇದಿಕೆ ಏರಿದ ಕುಣಿತ ಇಲ್ಲಿ ಎಷ್ಟು ಶಾಲೆಗಳ ಅಂಗಳಕ್ಕೆ ಬಂದಿದೆ?

ಹಾಗೆಂದು ಕೇರಳದ್ದನ್ನು ಹಾಗೇ ಎತ್ತಿಕೊಂಡು ಬರಬೇಕಿಲ್ಲ. ಪೈಪೋಟಿ ಅತಿಯಾಗಿ ‘ಕಲಾತಿಲಕಂ’, ‘ಕಲಾಪ್ರತಿಭಾ’ ಎಂಬ ಬಿರುದುಗಳನ್ನೇ ಅವರು ಕೈಬಿಡಬೇಕಾಯಿತು. ಮಗುವಿನ ಮನಸ್ಸು ಹಗುರಾಗಲಿ ಎಂದು ತಂದ ಕಲೆ ಇನ್ನೊಂದು ಪರೀಕ್ಷೆಯಾದರೆ ಏನು ಬಂತು? ಆದ್ದರಿಂದಲೇ ಟ್ರೋಫಿ ಬೇಡ ಎನ್ನುತ್ತಿದ್ದೇನೆ. ಚೆನ್ನಾಗಿ ಕುಣಿಯುವ ಎಂಟು ಮಂದಿಯನ್ನು ಆರಿಸಿ ಉಳಿದವರನ್ನು ಪ್ರೇಕ್ಷಕರಾಗಿಸುವುದು ಸುಲಭ. ಗುಡುಗು ಮಾಡುವವರಿಗೂ ಪರದೆ ಎಳೆಯುವವರಿಗೂ ಜಾಗ ಇರಬೇಕು.

ಹಾಗಾದರೆ ಊರು ಏನು ಕೊಡಬಹುದು? ಮೊದಲನೆಯದು ಜೀಪು. ವಾರಕ್ಕೆ ಎರಡು ಸಂಜೆ, ಸರದಿಯ ಮೇಲೆ ನಾಲ್ಕು ಮನೆಯವರು ಹಂಚಿಕೊಂಡರೆ ಯಾರಿಗೂ ಭಾರವಲ್ಲ. ಎರಡನೆಯದು ಕೈಗಳು. ಮಂಟಪಕ್ಕೆ ಬೆಳಕು ಕಟ್ಟುವ ಹುಡುಗರಿಗೆ ಶಾಲೆಯ ವೇದಿಕೆ ಒಂದು ಸಂಜೆಯ ಕೆಲಸ. ಮೂರನೆಯದು ಗೊತ್ತಿರುವ ವಿದ್ಯೆ. ಉಮ್ಮತ್ತಾಟ್ ಕಲೆಗೆ ಬಾಳು ಮುಡಿಪಿಟ್ಟ ರಾಣಿ ಮಾಚಯ್ಯ ಅವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ನಾವೆಲ್ಲ ಸ್ಟೇಟಸ್ ಹಾಕಿದೆವು. ಬೊಳಕಾಟ್, ಪುತ್ತರಿ ಕೋಲಾಟ, ದುಡಿಕೊಟ್ಟ್ ಪಾಟ್ ಗೊತ್ತಿರುವವರು, ಅರೆಭಾಷೆಯಲ್ಲಿ ಹಾಡುವ ಅಜ್ಜಿಯರು, ಎರವರ, ಜೇನುಕುರುಬರ ಕುಣಿತ ಬಲ್ಲವರು ನಮ್ಮ ಊರುಗಳಲ್ಲೇ ಇದ್ದಾರೆ. ಅವರನ್ನು ಗೌರವಧನ ಕೊಟ್ಟು ಶಾಲೆಗೆ ಕರೆಯಲು ಒಂದು ಟ್ರೋಫಿ ಸಾಲಿನ ಖರ್ಚು ಸಾಕು. ತನ್ನ ಅಪ್ಪನನ್ನು ಗುರುವಿನ ಜಾಗದಲ್ಲಿ ನೋಡಿದ ಹಾಡಿಯ ಮಗು ಮರುದಿನ ಶಾಲೆ ತಪ್ಪಿಸುವುದು ಕಷ್ಟ.

ಇದಕ್ಕೊಂದು ಕಟ್ಟುಪಾಡೂ ಇರಲಿ. ಮುಖ್ಯ ಶಿಕ್ಷಕರ ಮತ್ತು ಎಸ್‌ಡಿಎಂಸಿಯ ಒಪ್ಪಿಗೆ, ಪೋಷಕರಿಗೆ ಮಾಹಿತಿ, ಅಭ್ಯಾಸದಲ್ಲೂ ವಾಹನದಲ್ಲೂ ಒಬ್ಬ ಶಿಕ್ಷಕರು ಜೊತೆಗಿರುವುದು. ಇಷ್ಟಿಲ್ಲದೆ ಯಾರೂ ಮಕ್ಕಳ ಬಳಿ ಹೋಗಬಾರದು, ಎಷ್ಟೇ ಒಳ್ಳೆಯವರಾಗಿರಲಿ.

ನಾಲ್ಕನೆಯದು ನಮ್ಮದು. ನನ್ನ ಡಿಗ್ರಿ ಮುಗಿದಿದೆ, ಕೆಲಸ ಹುಡುಕುತ್ತಿದ್ದೇನೆ. ಈ ಪುಟ ಓದುವ ಬಹಳ ಮಂದಿಯ ಸ್ಥಿತಿಯೂ ಅದೇ ಇರಬಹುದು. ಅರ್ಜಿ ಹಾಕಿ ಉತ್ತರಕ್ಕೆ ಕಾಯುವ ದಿನಗಳಲ್ಲಿ ನಾವು ಯಾರಿಗೂ ಬೇಡವೇನೋ ಅನ್ನಿಸುವುದು ನನಗೂ ಗೊತ್ತು. ಸರ್ಕಾರಿ ಶಾಲೆಗಳಲ್ಲಿ ತಿಂಗಳಿಗೊಂದು ‘ಸಂಭ್ರಮ ಶನಿವಾರ’ ಇದೆ, ಬ್ಯಾಗಿಲ್ಲದ ದಿನ. ಆ ಒಂದು ದಿನ ಹೋಗಿ ಮಕ್ಕಳಿಗೆ ಒಂದು ಹಾಡು ಕಲಿಸಿ, ಒಂದು ಕತೆಯನ್ನು ನಾಟಕ ಮಾಡಿಸಿ. ಇದು ರೆಸ್ಯೂಮೆಯ ಸಾಲಿಗಾಗಿ ಬೇಡ. ಮುಂದಿನ ತಿಂಗಳು ಗೇಟಿನ ಬಳಿ ನಿಮ್ಮನ್ನೇ ಕಾಯುವ ಹತ್ತು ಮಕ್ಕಳಿದ್ದಾರೆ ಎಂಬುದು ನಿಮ್ಮ ಮನಸ್ಸಿಗೂ ಒಳ್ಳೆಯದು.

ಇದಕ್ಕೆ ಯಾವ ಉದ್ಘಾಟನೆಯೂ ಬೇಕಿಲ್ಲ. ನಿಮ್ಮೂರಿನ ಶಾಲೆಗೆ ಹೋಗಿ ಹೆಡ್‌ಮಾಸ್ಟರನ್ನು ಒಂದೇ ಪ್ರಶ್ನೆ ಕೇಳಿ: ‘ಸಾರ್, ಪ್ರಾಕ್ಟೀಸ್‌ಗೆ ಉಳಿಯಲು ಆಸೆಯಿದ್ದೂ ಮನೆ ದೂರ ಎಂದು ಹೋಗಿಬಿಡುವ ಮಕ್ಕಳು ಯಾರು?’ ಅವರು ಹೇಳುವ ಹೆಸರುಗಳನ್ನು ಬರೆದುಕೊಳ್ಳಿ. ಆಮೇಲೆ ಜೀಪು ಇರುವವರ ಮನೆಗೆ ಹೋಗಿ.