ಗೊದಮೊಟ್ಟೆ ಆಗುವುದಕ್ಕೂ ಮೊದಲು

ಮುಂಗಾರು ಹಿಡಿದ ಮೇಲೆ ಉಡುಪಿ, ಇನ್ನಂಜೆ, ಕಾಪು ಸೀಮೆಯ ಮುರಕಲ್ಲಿನ ಪದವುಗಳಲ್ಲಿ ಅಲ್ಲಲ್ಲಿ ಪಾದ ಮುಳುಗುವಷ್ಟು ನೀರು ನಿಲ್ಲುತ್ತದೆ. ರಾತ್ರಿಯಿಡೀ ಕಪ್ಪೆಗಳು ವಟಗುಟ್ಟಿದ ಮರುದಿನ ಬಗ್ಗಿ ನೋಡಿದರೆ, ತೆಳು ಲೋಳೆಯೊಳಗೆ ಕಪ್ಪು ಚುಕ್ಕಿಗಳು ಕಾಣುತ್ತವೆ. ಒಂದೊಂದು ಚುಕ್ಕಿಯೂ ಒಂದೊಂದು ಮೊಟ್ಟೆ. ಮೇಲರ್ಧ ಕಪ್ಪು, ಕೆಳಗರ್ಧ ಮಾಸಲು ಬಿಳಿ. ತಾಯಿ ಕಟ್ಟಿಕೊಟ್ಟ ಆಹಾರದ ಹೆಚ್ಚಿನ ಪಾಲು ಆ ಬಿಳಿ ಭಾಗದಲ್ಲಿದೆ.

ವೀರ್ಯಾಣು ಸೇರಿದ ಕೂಡಲೇ ಮೊಟ್ಟೆ ಬೆಳೆಯತೊಡಗುತ್ತದೆ ಎಂದು ನಾವು ತಿಳಿದಿರುತ್ತೇವೆ. ಆದರೆ ಮೊದಲ ಕೆಲವು ತಾಸು ಅದು ಬೆಳೆಯುವುದೇ ಇಲ್ಲ, ಬರೀ ಒಡೆಯುತ್ತದೆ. ಬೆಲ್ಲದ ಅಚ್ಚನ್ನು ಒಡೆದಂತೆ ತುಂಡುಗಳು ಹೆಚ್ಚುತ್ತವೆ, ತೂಕ ಅಷ್ಟೇ ಇರುತ್ತದೆ. ಪ್ರಯೋಗಾಲಯಗಳಲ್ಲಿ ಸಾಕುವ ಆಫ್ರಿಕಾದ ಝೆನೋಪಸ್ ಕಪ್ಪೆಯಲ್ಲಿ ಮೊದಲ ವಿಭಜನೆಗೆ ಸುಮಾರು ಒಂದೂವರೆ ತಾಸು ಬೇಕು. ಆಮೇಲಿನವು ಹೆಚ್ಚುಕಡಿಮೆ ಅರ್ಧ ತಾಸಿಗೊಂದು. ಹನ್ನೆರಡು ಸುತ್ತು ಮುಗಿಯುವಾಗ ಕೋಶಗಳು ಸುಮಾರು 4,000. ಅಲ್ಲಿಯವರೆಗೆ ನಡೆಯುವುದು ಬಹುಪಾಲು ತಾಯಿ ತುಂಬಿಟ್ಟ ಸರಕಿನ ಮೇಲೆ. ಭ್ರೂಣದ ಸ್ವಂತ ಜೀನುಗಳು ಜೋರಾಗಿ ಕೆಲಸಕ್ಕಿಳಿಯುವುದು ಆಮೇಲೆ.

ಮುಂದಿನದು ಜಾಗ ಬದಲಿಸುವ ಕೆಲಸ. ಉಂಡೆಯ ಒಂದು ಬದಿಯಲ್ಲಿ ಸಣ್ಣ ಮಡಿಕೆ ಮೂಡಿ, ಹೊರಗಿನ ಕೋಶಗಳು ಅದರ ಅಂಚಿನಿಂದ ಒಳಸರಿಯುತ್ತವೆ. ಗ್ಯಾಸ್ಟ್ರುಲಾ ಎನ್ನುವ ಈ ಹಂತದಲ್ಲಿ ಮೂರು ಪದರಗಳಾಗುತ್ತವೆ. ಹೊರಪದರದಿಂದ ಚರ್ಮ ಮತ್ತು ಮಿದುಳು, ನಡುಪದರದಿಂದ ಎಲುಬು, ಸ್ನಾಯು, ಹೃದಯ, ಒಳಪದರದಿಂದ ಕರುಳು ಮತ್ತು ಯಕೃತ್ತು. ಮನುಷ್ಯರಲ್ಲಿಯೂ ಇದೇ ಕ್ರಮ; ಅಲ್ಲಿ ಅದು ನಡೆಯುವುದು ಮೂರನೆಯ ವಾರದಲ್ಲಿ.

ಆ ಮಡಿಕೆಯ ಮಹತ್ವ ಜರ್ಮನಿಯ ಹಾನ್ಸ್ ಸ್ಪೇಮನ್ ಮತ್ತು ಹಿಲ್ಡೆ ಮಾಂಗೋಲ್ಡ್ 1924ರಲ್ಲಿ ಪ್ರಕಟಿಸಿದ ಪ್ರಯೋಗದಿಂದ ಗೊತ್ತಾಯಿತು. ಕಪ್ಪೆಯ ದೂರದ ನೆಂಟನಾದ ನ್ಯೂಟ್ ಎಂಬ ಜೀವಿಯ ಭ್ರೂಣದಿಂದ ಮಡಿಕೆಯ ಮೇಲಂಚನ್ನು ಕತ್ತರಿಸಿ ಇನ್ನೊಂದು ಭ್ರೂಣದ ಹೊಟ್ಟೆಯ ಕಡೆಗೆ ಕೂರಿಸಿದರು. ಅಲ್ಲಿ ಎರಡನೆಯ ಬೆನ್ನುಹುರಿಯೇ ಮೂಡಿತು, ಅದೂ ಬಹುತೇಕ ಆತಿಥೇಯ ಭ್ರೂಣದ ಕೋಶಗಳಿಂದ. ಎಂದರೆ ಕೋಶ ಏನಾಗಬೇಕೆಂಬುದನ್ನು ಅಕ್ಕಪಕ್ಕದ ಕೋಶಗಳೂ ನಿರ್ಧರಿಸುತ್ತವೆ. ಸ್ಪೇಮನ್‌ಗೆ 1935ರಲ್ಲಿ ನೊಬೆಲ್ ಬಂತು. ಮಾಂಗೋಲ್ಡ್ ಅಷ್ಟರಲ್ಲಿ ತೀರಿಕೊಂಡಿದ್ದರು.

ನಮ್ಮ ಹಟ್ಟಿಯ ಕೋಳಿಮೊಟ್ಟೆಯಲ್ಲೂ ಇದೇ ಕತೆ, ಆದರೆ ಅದಕ್ಕೆ ಚಿಪ್ಪಿನ ರಕ್ಷಣೆಯಿದೆ. ಕಾವಿಗೆ ಕೂರಿಸುವುದು ಕೆಲವು ದಿನ ತಡವಾದರೂ ಒಳಗಿನ ಭ್ರೂಣ ತಂಪಿನಲ್ಲಿ ತಡೆದು ನಿಲ್ಲಬಲ್ಲದು. ಕಪ್ಪೆಯ ಭ್ರೂಣಕ್ಕೆ ಆ ಸವಲತ್ತಿಲ್ಲ. ಗುಂಡಿ ಒಣಗಿದರೆ, ಮಣ್ಣು ಬಿದ್ದರೆ ಅಲ್ಲಿಗೆ ಮುಗಿಯಿತು.

ಮಣಿಪಾಲದ ಸುತ್ತಿನ ಇಂಥ ಮುರಕಲ್ಲಿನ ನೆಲದಲ್ಲೇ 2016ರಲ್ಲಿ ಮೈಕ್ರೋಹೈಲಾ ಲ್ಯಾಟೆರೈಟ್ ಎಂಬ ಹೊಸ ಕಪ್ಪೆಯನ್ನು ವಿಜ್ಞಾನಿಗಳು ಗುರುತಿಸಿದರು. ಉದ್ದ ಸುಮಾರು 1.6 ಸೆಂಟಿಮೀಟರ್, ಕೂಗು ಜೀರುಂಡೆಯಂತೆ. ಕಲ್ಲಿನ ಹೆಸರನ್ನೇ ಅದಕ್ಕೆ ಕೊಟ್ಟದ್ದು ಈ ನೆಲದತ್ತ ಗಮನ ಸೆಳೆಯಲೆಂದೇ. ಆದರೂ ಪದವೆಂದರೆ ನಮಗೆ ಪಾಳುಜಾಗ: ಕಲ್ಲು ಕಡಿಯಲು, ಕಸ ಸುರಿಯಲು, ಸೈಟು ಮಾಡಲು. ಏಪ್ರಿಲ್‌ನಲ್ಲಿ ಹೋಗಿ ನೋಡಿದವರಿಗೆ ಅದು ಬರಡಾಗಿಯೇ ಕಾಣುತ್ತದೆ. ಒಂದು ತಲೆಮಾರಿನ ಕಪ್ಪೆಗಳು ಅಲ್ಲಿ ರೂಪುಗೊಳ್ಳುವುದು ಮಳೆಗಾಲದಲ್ಲಿ. ಹಾಗಾಗಿ ಪದವನ್ನು ಕೋರೆಗೋ ಕಟ್ಟಡಕ್ಕೋ ಬಿಡುವ ಮೊದಲು ಅಲ್ಲಿನ ಜೀವಗಳ ಸರ್ವೆ ಜೂನ್–ಜುಲೈ ತಿಂಗಳಲ್ಲೇ ನಡೆಯಬೇಕು.