ಬಿಸಿಯಲ್ಲೇ ಬದುಕುವ ಜೀವಿ, ನಮ್ಮ ಜ್ವರದ ಪತ್ತೇದಾರ



ಚಳಿಗಾಲದ ಮುಂಜಾನೆ ಕಳಸ, ಮೂಡಿಗೆರೆ ಕಡೆ ಕೊಟ್ಟಿಗೆಯ ಹಿಂದಕ್ಕೆ ಹೋಗಿ ನೋಡಿ. ಗೊಬ್ಬರದ ಗುಂಡಿಯಿಂದ ಹಬೆ ಏಳುತ್ತಿರುತ್ತದೆ. ಕೆಳಗೆ ಬೆಂಕಿಯಿಲ್ಲ, ಮೇಲೆ ಬಿಸಿಲಿಲ್ಲ. ಮತ್ತೆ ಈ ಬಿಸಿ ಎಲ್ಲಿಂದ ಬಂತು ಅಂತೀರಾ? ಸಗಣಿ, ಸೊಪ್ಪು, ಕಾಫಿ ಹಣ್ಣಿನ ಸಿಪ್ಪೆಯನ್ನು ತಿಂದು ಕರಗಿಸುವ, ಕಣ್ಣಿಗೆ ಕಾಣದ ಬ್ಯಾಕ್ಟೀರಿಯಗಳು ಬಿಡುವ ಶಾಖ ಅದು. ರಾಶಿ 45 ಡಿಗ್ರಿ ಸೆಲ್ಸಿಯಸ್ ದಾಟಿತೆಂದರೆ ಸಾಧಾರಣ ಜಾತಿಯವು ಹಿಂದೆ ಸರಿದು, ಬಿಸಿಯನ್ನೇ ಬಯಸುವ ಬೇರೊಂದು ಗುಂಪು ಕೆಲಸಕ್ಕೆ ಇಳಿಯುತ್ತದೆ. ಗುಂಡಿಯ ಒಡಲು 60 ಡಿಗ್ರಿವರೆಗೂ ಕಾಯುತ್ತದೆ. ಕಳೆಯ ಬೀಜ, ಹುಳುವಿನ ಮೊಟ್ಟೆ ಸಾಯುವುದು ಈ ಬಿಸಿಯಿಂದಲೇ. ರಾಶಿಯೊಳಗೆ ಒಂದು ಕಬ್ಬಿಣದ ಸರಳನ್ನು ಚುಚ್ಚಿಟ್ಟು, ಸ್ವಲ್ಪ ಹೊತ್ತಿನ ಮೇಲೆ ಎಳೆದು ಮುಟ್ಟಿ ನೋಡಿ. ಕೈ ಚುರ್ ಎಂದರೆ ಗೊಬ್ಬರ ಚೆನ್ನಾಗಿ ಬೇಯುತ್ತಿದೆ ಎಂದು ತಿಳಿಯಿರಿ.

ಇಂಥ ಜೀವಿಗಳ ನಿಜವಾದ ತವರುಮನೆ ಬಿಸಿನೀರಿನ ಬುಗ್ಗೆ. ನಮ್ಮ ಘಟ್ಟದ ಕೆಳಗೆ ಪುತ್ತೂರು ತಾಲ್ಲೂಕಿನ ಇರ್ದೆಯ ಬೆಂದ್ರ್ ತೀರ್ಥ ಗಂಧಕದ ವಾಸನೆಯ ಬೆಚ್ಚನೆಯ ನೀರಿಗೆ ಹೆಸರಾದದ್ದು. ಆದರೆ ಅಮೆರಿಕದ ಯೆಲ್ಲೋಸ್ಟೋನ್‌ನಲ್ಲಿ ಕೈಯಿಟ್ಟರೆ ಬೊಬ್ಬೆ ಏಳುವಂಥ ಕುದಿಬುಗ್ಗೆಗಳಿವೆ. 1966ರಲ್ಲಿ ಥಾಮಸ್ ಬ್ರಾಕ್ ಎಂಬ ವಿಜ್ಞಾನಿ ಮತ್ತು ಅವರ ವಿದ್ಯಾರ್ಥಿ ಹಡ್ಸನ್ ಫ್ರೀಜ್ ಅಲ್ಲಿನ ನೀರಿನಿಂದ ಒಂದು ಬ್ಯಾಕ್ಟೀರಿಯವನ್ನು ಬೆಳೆಸಿದರು. 1969ರಲ್ಲಿ ಅದಕ್ಕೆ ಥರ್ಮಸ್ ಅಕ್ವಾಟಿಕಸ್ ಎಂದು ಹೆಸರಿಟ್ಟರು. ಅದಕ್ಕೆ ಹಿತವೆನಿಸುವ ಬಿಸಿ ಸುಮಾರು 70 ಡಿಗ್ರಿ!

ಮೊಟ್ಟೆ ಬೇಯಿಸಿದರೆ ಬಿಳಿಭಾಗ ಗಟ್ಟಿಯಾಗುತ್ತದೆ, ಮತ್ತೆ ನೀರಾಗುವುದಿಲ್ಲ, ಅಲ್ವೇ? ನಮ್ಮ ಮೈಯ ಸಸಾರಜನಕದ ಪಾಡೂ ಅದೇ. ಈ ಜೀವಿಯ ಸಸಾರಜನಕ ಮಾತ್ರ ಬಿಗಿಯಾಗಿ ಹೆಣೆದದ್ದು, ಅಷ್ಟು ಬಿಸಿಗೂ ಕೆಡುವುದಿಲ್ಲ.

ಎಲ್ಲೋ ದೂರದ ಬುಗ್ಗೆಯ ಮಾತು ನಮಗೇಕೆ ಎನ್ನಬೇಡಿ. 1983ರಲ್ಲಿ ಕ್ಯಾರಿ ಮುಲ್ಲಿಸ್ ಎಂಬವರು ಪಿಸಿಆರ್ ಎಂಬ ವಿಧಾನ ಕಂಡುಹಿಡಿದರು. 1993ರಲ್ಲಿ ಅದಕ್ಕೆ ನೊಬೆಲ್ ಬಹುಮಾನವೂ ಬಂತು. ರೋಗಾಣುವಿನ ಡಿಎನ್‌ಎ ಎಳೆ ಒಂದೇ ಒಂದಿದ್ದರೂ ಅದನ್ನು ಎರಡು, ನಾಲ್ಕು, ಎಂಟು ಎಂದು ಇಮ್ಮಡಿಸುತ್ತ ಹೋಗುವ ವಿಧಾನ ಇದು. ಮೂವತ್ತು ಸುತ್ತು ಮುಗಿದರೆ ನೂರು ಕೋಟಿ ದಾಟುತ್ತದೆ. ಆದರೆ ಪ್ರತಿ ಸುತ್ತಿಗೂ ಸುಮಾರು 95 ಡಿಗ್ರಿಗೆ ಕಾಯಿಸಬೇಕು. ಆ ಬಿಸಿಗೆ ಮಾಮೂಲಿ ಕಿಣ್ವ ಕೆಟ್ಟುಹೋಗಿ, ಪ್ರತಿ ಸಲವೂ ಹೊಸದಾಗಿ ಹಾಕಬೇಕಾಗುತ್ತಿತ್ತು. ಬುಗ್ಗೆಯ ಬ್ಯಾಕ್ಟೀರಿಯದ ಕಿಣ್ವ ಬಂದ ಮೇಲೆ ಆ ಪಾಡು ತಪ್ಪಿತು. 2020ರಲ್ಲಿ ಕೊರೋನಾಕ್ಕೆ ಮೂಗಿನಲ್ಲಿ ಕಡ್ಡಿ ಹಾಕಿ ಮಾಡಿಸಿದ ಪರೀಕ್ಷೆ ನೆನಪಿದೆಯಲ್ಲ, ಅದು ಇದೇ.

ನಮ್ಮ ಮಲೆನಾಡಿಗೆ ಇದರಿಂದ ಇನ್ನೂ ದೊಡ್ಡ ಉಪಕಾರವಾಗಿದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗೊತ್ತಾದ ಮಂಗನ ಕಾಯಿಲೆ ಚಿಕ್ಕಮಗಳೂರು ಜಿಲ್ಲೆಗೂ ಬಂದಿದೆ. ಉಣುಗು ಕಚ್ಚಿ ಬರುವ ಈ ಜ್ವರಕ್ಕೆ ನೇರವಾದ ಔಷಧಿ ಇಲ್ಲ, ಹಿಂದೆ ಕೊಡುತ್ತಿದ್ದ ಲಸಿಕೆಯನ್ನೂ ನಿಲ್ಲಿಸಿದ್ದಾರೆ. ಬೇಗ ಪತ್ತೆ ಮಾಡಿ ಆರೈಕೆ ಮಾಡುವುದೇ ದಾರಿ. ಜ್ವರದ ಮೊದಲ ದಿನಗಳಲ್ಲಿ ರಕ್ತದಲ್ಲಿರುವ ವೈರಸ್ಸನ್ನು ಹಿಡಿದುಕೊಡುವುದು ಆರ್‌ಟಿ-ಪಿಸಿಆರ್ ಪರೀಕ್ಷೆ.

ದರಗು ಗುಡಿಸುವವರು, ಸೌದೆ ತರುವವರು, ದನ ಹುಡುಕಿಕೊಂಡು ಕಾಡಿಗೆ ಹೋಗುವವರು ಹೆಚ್ಚಾಗಿ ನಾವು ಹೆಂಗಸರೇ. ಜ್ವರ ಬಂದರೆ ಕಷಾಯ ಕುಡಿದು, 'ನಾಳೆ ನೋಡೋಣ' ಎಂದು ಕೆಲಸಕ್ಕೆ ಹೋಗುವವರೂ ನಾವೇ. ಮನೆಯವರಿಗೆಲ್ಲ ಔಷಧಿ ತರಿಸುತ್ತೇವೆ, ನಮ್ಮ ಸರದಿ ಮಾತ್ರ ಕೊನೆಗೆ. ಈ ಜ್ವರದಲ್ಲಿ ಹಾಗೆ ಮಾಡಬಾರದು ಕಣ್ರೀ. ಈ ಕೆಳಗಿನದನ್ನು ಲೈನ್ ಮನೆಯ ಹೆಂಗಸರಿಗೂ ಓದಿ ಹೇಳಿ:

* ಡಿಸೆಂಬರಿನಿಂದ ಮೇ ತನಕ ಹೆಚ್ಚು ಎಚ್ಚರ ಬೇಕು. ಕಾಡಿಗೆ ಹೋಗುವ ಮುಂಚೆ ಆರೋಗ್ಯ ಇಲಾಖೆ ಕೊಡುವ ಉಣುಗಿನ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಳ್ಳಿ, ಮೈತುಂಬ ಬಟ್ಟೆ ತೊಡಿ.

* ಬಂದ ಕೂಡಲೇ ಉಟ್ಟ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಿ.

* ಮಂಗ ಸತ್ತುಬಿದ್ದಿದ್ದರೆ ಮುಟ್ಟಬೇಡಿ, ಆಸ್ಪತ್ರೆಗೆ ಸುದ್ದಿ ಮುಟ್ಟಿಸಿ.

* ಇದ್ದಕ್ಕಿದ್ದಂತೆ ಜೋರು ಜ್ವರ, ತಲೆಸಿಡಿತ, ಮೈಕೈ ನೋವು ಬಂದರೆ ಅಂಗಡಿಯ ಮಾತ್ರೆ ನುಂಗಿ ಕೂರಬೇಡಿ. ಸರ್ಕಾರಿ ಆಸ್ಪತ್ರೆಗೆ ಹೋಗಿ, 'ನಾನು ಕಾಡಿಗೆ ಹೋಗಿದ್ದೆ' ಎಂದು ಬಾಯಿಬಿಟ್ಟು ಹೇಳಿ. ಆ ಒಂದು ಮಾತಿನಿಂದ ಡಾಕ್ಟರಿಗೆ ಯಾವ ಪರೀಕ್ಷೆ ಬೇಕೆಂದು ತಿಳಿಯುತ್ತದೆ.

ಕುದಿನೀರಿನ ಜೀವಿ ತನ್ನ ಕೆಲಸ ಮಾಡಲು ಸಿದ್ಧವಾಗಿದೆ. ಹೊತ್ತಿಗೆ ಸರಿಯಾಗಿ ರಕ್ತ ಕೊಟ್ಟು ಬರುವುದು ನಮ್ಮ ಕೆಲಸ.