ಪೆನ್‌ಡ್ರೈವ್ ಎಂಬ ಕೂಲಿ

ಬಂಗಾರಪೇಟೆಯಿಂದ ಕೋಲಾರಕ್ಕೆ ಹಿಂದೆ ಕಿರಿದಾದ ಹಳಿಯ ಪುಟ್ಟ ರೈಲು ಓಡುತ್ತಿತ್ತು. ನಮ್ಮ ಮಾರಿಕುಪ್ಪಂನಿಂದ ದೊಡ್ಡ ಹಳಿಯ ಗಾಡಿಯಲ್ಲಿ ಹೋದವರು ಅಲ್ಲಿ ಇಳಿದು, ಗಂಟುಮೂಟೆ ಹೊತ್ತು ಆ ರೈಲನ್ನು ಹತ್ತಬೇಕಾಗಿತ್ತು. ಎರಡು ಹಳಿಗಳಿಗೂ ಸಂಬಂಧ ಕಲ್ಪಿಸುತ್ತಿದ್ದುದು ಮನುಷ್ಯನ ತಲೆಯೇ. ಕೆಲವು ವರ್ಷಗಳ ಹಿಂದೆ ನಮ್ಮ ಮನೆಯ ಎರಡು ಗಣಕಯಂತ್ರಗಳದ್ದೂ ಅದೇ ಸ್ಥಿತಿ.

ನನ್ನ ಮೇಜಿನ ಮೇಲಿನದು ವಿಂಡೋಸ್. ದಿನವೂ ರೈಲಿನಲ್ಲಿ ಬೆಂಗಳೂರಿಗೆ ಹೋಗಿಬರುವ ಮಗಳ ಲ್ಯಾಪ್‌ಟಾಪಿನಲ್ಲಿರುವುದು ಉಬುಂಟು, ಅಂದರೆ ಲಿನಕ್ಸ್. 2001ರ ಫೆಬ್ರವರಿ 28ರಂದು ಚಿನ್ನದ ಗಣಿ ಮುಚ್ಚಿದ ಮೇಲೆ ಚದುರಿಹೋದ ಕಾರ್ಮಿಕರ ನೆನಪುಗಳನ್ನು ನಾವಿಬ್ಬರೂ ಬರೆದಿಡುತ್ತಿದ್ದೆವು. ರಾತ್ರಿ ಅವಳು ಧ್ವನಿಮುದ್ರಣ ಕೇಳಿ ಅಕ್ಷರಕ್ಕಿಳಿಸುವಳು, ಹಗಲು ನಾನು ತಿದ್ದುವೆನು. ನಡುವೆ ಹೊರೆ ಹೊರುವ ಕೂಲಿ ಪೆನ್‌ಡ್ರೈವ್. ಒಂದು ಭಾನುವಾರ ಹೊಸ ಪ್ರತಿಯ ಮೇಲೆ ಹಳೆಯದನ್ನು ಹಾಕಿಬಿಟ್ಟೆ. ಭೂಗರ್ಭದಲ್ಲಿ ಬಂಡೆ ಸಿಡಿದ ರಾತ್ರಿಯನ್ನು ಹಿರಿಯರೊಬ್ಬರು ತಮಿಳು, ತೆಲುಗು, ಕನ್ನಡ ಬೆರೆಸಿ ಹೇಳಿದ್ದ ಹನ್ನೊಂದು ಪುಟಗಳು ಹೋದವು. ಫೋನಿನಲ್ಲಿ ಜಾಗ ಸಾಲದೆಂದು ಧ್ವನಿಯನ್ನು ಆಗಲೇ ಅಳಿಸಿದ್ದೆವು. ಮತ್ತೆ ಕೇಳೋಣವೆಂದರೆ ಆ ಹಿರಿಯರೇ ಇಲ್ಲ.

ತಪ್ಪು ನನ್ನದೇ. ಆದರೂ ಹೇಳುತ್ತೇನೆ: ಇಬ್ಬರು ಕೂಡಿ ಮಾಡುವ ಬರವಣಿಗೆಗೆ ಪ್ರತಿ ಒಂದೇ ಇರಬೇಕು, ಇಬ್ಬರೂ ಅಲ್ಲಿಗೇ ಹೋಗಿ ಬರೆಯಬೇಕು. ಅದಕ್ಕಾಗಿ ಒಬ್ಬರು ತಮ್ಮ ವ್ಯವಸ್ಥೆಯನ್ನು ಬಿಟ್ಟುಕೊಡಬೇಕೆಂಬ ಸಲಹೆಯನ್ನು ಮಾತ್ರ ನಾನು ಒಪ್ಪೆ. ಒಂದೇ ಬೀದಿಯಲ್ಲಿ ಮೂರು ಭಾಷೆ ಕೇಳಿಸುವ ಊರಿನವನು ಹೇಗೆ ಒಪ್ಪಲಿ?

ವಿಂಡೋಸ್ ಜಾಲದಲ್ಲಿ ಕಡತ ಹಂಚಲು ಆಡುವ ಭಾಷೆಯ ಹೆಸರು ಎಸ್‌ಎಂಬಿ. ಕ್ಯಾನ್‌ಬೆರಾದಲ್ಲಿ ಪಿಎಚ್.ಡಿ. ವಿದ್ಯಾರ್ಥಿಯಾಗಿದ್ದ ಆಂಡ್ರ್ಯೂ ಟ್ರಿಡ್ಜೆಲ್ 1991ರ ಕೊನೆಯ ಹೊತ್ತಿಗೆ, ಯಂತ್ರಗಳ ನಡುವೆ ಹರಿಯುವ ಸಂದೇಶಗಳನ್ನೇ ಗಮನಿಸಿ ಆ ಭಾಷೆಯನ್ನು ಕಲಿಯತೊಡಗಿದರು. ಆ ಮೂರು ಇಂಗ್ಲಿಷ್ ಅಕ್ಷರಗಳು ಕ್ರಮವಾಗಿ ಬರುವ ಪದವನ್ನು ಪದಪಟ್ಟಿಯಲ್ಲಿ ಹುಡುಕಿ ತಮ್ಮ ತಂತ್ರಾಂಶಕ್ಕೆ 'ಸಾಂಬಾ' ಎಂದು ಹೆಸರಿಟ್ಟರು. (ನಮ್ಮ ಸಾಂಬಶಿವನಿಗೂ ಇದಕ್ಕೂ ನಂಟಿಲ್ಲ.) ಕಿವಿಯಿಂದ ಕಲಿತ ಆ ಭಾಷೆಗೆ ವ್ಯಾಕರಣ ಪುಸ್ತಕ ದೊರೆತದ್ದು ಯುರೋಪಿನ ನ್ಯಾಯಾಲಯದ ತೀರ್ಪಿನ ನಂತರ, 2007ರ ಡಿಸೆಂಬರಿನಲ್ಲಿ.

ನಮ್ಮ ಮನೆಯಲ್ಲಿ ಫೋಲ್ಡರ್ ಇರುವುದು ನನ್ನ ಯಂತ್ರದಲ್ಲಿ. ಬಲಗುಂಡಿ ಒತ್ತಿ ಹಂಚಿಕೆಗೆ ಬಿಟ್ಟದ್ದು ಐದು ನಿಮಿಷದ ಕೆಲಸ. ಲ್ಯಾಪ್‌ಟಾಪ್ ಒಳಹೋಗಲು ಹಿಡಿದದ್ದು ಎರಡು ಸಂಜೆ. ನಾನು ನಿತ್ಯ ಒತ್ತುವ ನಾಲ್ಕಂಕಿಯ ಪಿನ್ ನನ್ನ ಯಂತ್ರಕ್ಕಷ್ಟೇ ಸಲ್ಲುತ್ತದೆ, ಜಾಲದ ಮೂಲಕ ಬರುವವರಿಗೆ ಖಾತೆಯ ನಿಜವಾದ ಗುಪ್ತಪದವೇ ಬೇಕು ಎಂಬುದು ತಿಳಿದಿರಲಿಲ್ಲ. ಪರಿಚಿತರೊಬ್ಬರು, "ಮೇಷ್ಟ್ರೇ, ಗುಪ್ತಪದ ತೆಗೆದುಬಿಡಿ, ಹಳೆಯ ಎಸ್‌ಎಂಬಿ 1 ಹಾಕಿಕೊಳ್ಳಿ, ಎಲ್ಲ ಸಲೀಸು" ಎಂದರು. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಪಿಡುಗು ಜಗತ್ತಿನಾದ್ಯಂತ ಹರಡಿದ್ದು ಅದೇ ಹಳೆಯ ಬಾಗಿಲಿನ ಬಿರುಕಿನಿಂದ. ಬೇಡವೆಂದೆ. ಮಗಳಿಗೆ ನನ್ನ ಯಂತ್ರದಲ್ಲಿ ಪ್ರತ್ಯೇಕ ಖಾತೆ ತೆರೆದು, ಆ ಒಂದು ಫೋಲ್ಡರಿಗೆ ಮಾತ್ರ ಬರೆಯುವ ಅನುಮತಿ ಕೊಟ್ಟೆ.

ಫೋಲ್ಡರೇನೋ ತೆರೆಯಿತು, ಕನ್ನಡ ತೆರೆಯಲಿಲ್ಲ! "ಅಪ್ಪಾ, ಇದು ಯಾವ ಭಾಷೆ?" ಎಂದಳು. ನನ್ನ ಹಳೆಯ ಕಡತಗಳೆಲ್ಲ ನುಡಿಯ ಹಿಂದಿನ ಅಕ್ಷರಶೈಲಿಯಲ್ಲಿದ್ದವು. ಆ ಕ್ರಮದಲ್ಲಿ ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ರೂಪಗಳನ್ನು ಕೂರಿಸಿರುತ್ತಾರೆ. ಆ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ಮುಖವಾಡ ಕಳಚಿ ರೋಮನ್ ಅಕ್ಷರಗಳ ರಾಶಿ ಕಾಣುತ್ತದೆ. ಯುನಿಕೋಡಿನಲ್ಲಿ ಕನ್ನಡಕ್ಕೆ ಸ್ವಂತ ಸ್ಥಾನ 1991ರಲ್ಲೇ ದೊರೆತಿತ್ತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಅಕ್ಷರಶೈಲಿಯೂ ಇತ್ತು. ಅಭ್ಯಾಸಬಲದಿಂದ ನಾನು ಹಳೆಯದನ್ನೇ ಹಿಡಿದು ಕುಳಿತಿದ್ದೆ. ಎಲ್ಲವನ್ನೂ ಪರಿವರ್ತಿಸಿ, ತಪ್ಪಿದ ಒತ್ತಕ್ಷರಗಳನ್ನು ಪುಟಪುಟವಾಗಿ ತಿದ್ದಬೇಕಾಯಿತು. ನನ್ನಂತೆ ಹಳೆಯ ಕಡತಗಳನ್ನು ಇಟ್ಟುಕೊಂಡಿರುವ ನಿವೃತ್ತ ಮಿತ್ರರು ಫೋಲ್ಡರ್ ಹಂಚುವ ಮೊದಲು ಈ ಕೆಲಸ ಮುಗಿಸಿಕೊಳ್ಳುವುದು ಲೇಸು.

ಹಂಚಿದ ಫೋಲ್ಡರಿನಲ್ಲಿ ಅಳಿಸಿದರೆ ಇಬ್ಬರಿಗೂ ಅಳಿಯುತ್ತದೆ. ಆದ್ದರಿಂದ ಪ್ರತಿ ಶನಿವಾರ ಒಂದು ನಕಲು ಪೆನ್‌ಡ್ರೈವಿಗೆ ಹೋಗಿ ಬೀರು ಸೇರುತ್ತದೆ. ಫೋಲ್ಡರಿನಲ್ಲಿ ಆ ಹಿರಿಯರ ಹೆಸರಿನ ಕಡತವೂ ಇದೆ. ಮಗಳೂ ನಾನೂ ನೆನಪಿನಿಂದ ಹೆಕ್ಕಿ ಬರೆದದ್ದು ಅದರಲ್ಲಿ ಒಂದೂವರೆ ಪುಟ.